ಉಪ್ಪು ತಿಂದ ಕ್ವಾಲಿಸ್: ಬಿಚ್ಚಿ ಕಟ್ಟಿದ ಕಥೆ

ಕಾರವಾರದಲ್ಲಿ ಓಡಿದ ಗಾಡಿಯನ್ನು ಮೇಲಿಂದ ನೋಡಿ ನಂಬಬಾರದು. ನಮ್ಮ ಟೊಯೊಟಾ ಕ್ವಾಲಿಸ್ 2003ರದ್ದು, ಕೆಎ-30 ನಂಬರು. ದೊಡ್ಡಪ್ಪ ಕಾರವಾರದ ಕೋಡಿಬಾಗದಲ್ಲಿ ಇದ್ದಷ್ಟು ಕಾಲವೂ ಅದು ಸಮುದ್ರದ ಗಾಳಿಗೆ ಮೈಯೊಡ್ಡಿ ನಿಂತಿತ್ತು. ಅವರು ರಿಟೈರ್ ಆಗಿ ಶಿರಸಿಗೆ ಬಂದಾಗ ಗಾಡಿಯೂ ಘಟ್ಟ ಹತ್ತಿತು. ಬಣ್ಣಕ್ಕೆ ಇನ್ನೂ ಹೊಳಪಿತ್ತು. ಎಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತಿತ್ತು. ಆದರೆ ನಡುವಿನ ಸೀಟಿನ ಕೆಳಗಿನ ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಇದು ಉಪ್ಪನ್ನೂ ತಿಂದಿತ್ತು, ಕರಾವಳಿಯ ಮಳೆಯನ್ನೂ ಚೆನ್ನಾಗಿ ಕುಡಿದಿತ್ತು.

ಗುಜರಿಗೆ ಹಾಕಿ ಅಂದವರೇ ಜಾಸ್ತಿ. ನಮ್ಮ ಶಿರಸಿಯ ಮೇಸ್ತ್ರಿ ಮಾತ್ರ ಬಗ್ಗಿ ಕೆಳಗೆ ಟಾರ್ಚ್ ಬಿಟ್ಟು, "ಮೊದಲು ಚಾಸಿ ನೋಡೋಣ ಮಾರಾಯ್ರೆ. ಚಾಸಿ ಗಟ್ಟಿ ಇದ್ದರೆ ಉಳಿದದ್ದೆಲ್ಲ ಬರೀ ತಗಡು" ಅಂದರು.

ಈ ಮಾತು ಎಲ್ಲ ಕಾರಿಗೂ ಹೊಂದುವುದಿಲ್ಲ. ಈಗಿನ ಹೆಚ್ಚಿನ ಕಾರುಗಳಲ್ಲಿ ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದು ಪೊಳ್ಳಾಯಿತೆಂದರೆ ಗಾಡಿಯ ಬೆನ್ನೆಲುಬೇ ಹೋದಂತೆ. ಕ್ವಾಲಿಸ್ ಹಾಗಲ್ಲ. ಕೆಳಗೆ ಲಾರಿಗಿರುವ ಹಾಗೆ ಏಣಿಯಾಕಾರದ ಉಕ್ಕಿನ ಚಾಸಿ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ಅಚ್ಚಿನ ಕವಚ) ಎಲ್ಲ ಕೂತಿರುವುದು ಅದರ ಮೇಲೆ. ಬಾಡಿಯನ್ನು ರಬ್ಬರ್ ಇಟ್ಟು ಬೋಲ್ಟಿನಲ್ಲಿ ಕಟ್ಟಿದ್ದಾರೆ, ಅಷ್ಟೇ. ಮನೆಮಂದಿ ಓಡಾಡುವ ಗಾಡಿಗೆ ಯಾಕಪ್ಪಾ ಲಾರಿಯ ಬುಡ ಅಂದರೆ, ಇದರ ಹುಟ್ಟೇ ಹಾಗೆ.

ಕ್ವಾಲಿಸ್‌ನ ಮೂಲ ಇಂಡೊನೇಷ್ಯಾದ ಟೊಯೊಟಾ ಕಿಜಾಂಗ್. ಅದು 1977ರಲ್ಲಿ ರಸ್ತೆಗಿಳಿದಾಗ ಮನೆಯ ಕಾರು ಆಗಿರಲೇ ಇಲ್ಲ. ಸಾಮಾನು ಹೊರುವ ಚಿಕ್ಕ ಪಿಕಪ್ ಅದು. 1.2 ಲೀಟರಿನ ಪೆಟ್ರೋಲ್ ಎಂಜಿನ್, ಚಪ್ಪಟೆ ತಗಡನ್ನು ಮಡಚಿ ಮಾಡಿದ ಬಾಡಿ. ಆಯಾ ದೇಶದಲ್ಲೇ ಕಡಿಮೆ ಖರ್ಚಿನಲ್ಲಿ, ದೊಡ್ಡ ಯಂತ್ರಗಳಿಲ್ಲದೆ ಕಟ್ಟಲು ಬರಬೇಕು ಅನ್ನುವುದು ಲೆಕ್ಕಾಚಾರ. ಫಿಲಿಪೀನ್ಸ್‌ನಲ್ಲಿ ಇದೇ ಜಾತಿಯ ಗಾಡಿ ಒಂದು ವರ್ಷ ಮೊದಲೇ ಟಮರಾವ್ ಹೆಸರಿನಲ್ಲಿ ಬಂದಿತ್ತು. ಜನ ಏನು ಮಾಡಿದರು? ಪಿಕಪ್ ತಗೊಂಡು ಹೋಗಿ ಊರಿನ ಬಾಡಿ ಕಟ್ಟುವವರ ಹತ್ತಿರ ಬಿಟ್ಟರು. ಮೇಲೆ ಚಾವಣಿ, ಒಳಗೆ ಸೀಟು, ಪಕ್ಕಕ್ಕೆ ಬಾಗಿಲು. ಇಡೀ ಸಂಸಾರಕ್ಕೆ ಗಾಡಿ ರೆಡಿ. ಕಂಪನಿ ಇದನ್ನು ನೋಡಿ ಕಲಿಯಿತು. 1981ರಲ್ಲಿ ಎರಡನೇ ತಲೆಮಾರು, 1986ರಲ್ಲಿ ಮೂರನೆಯದು. ಆ ಮೂರನೇ ತಲೆಮಾರಿನ ಬಾಡಿಯೇ ನಮ್ಮ ಕ್ವಾಲಿಸ್.

ಅಂದರೆ 2000ದ ಜನವರಿಯಲ್ಲಿ ಇಲ್ಲಿ ಹೊಸದು ಅಂತ ಬಿಡುಗಡೆಯಾದ ಗಾಡಿಯ ಮೈಕಟ್ಟು ಆಗಲೇ ಹದಿನಾಲ್ಕು ವರ್ಷ ಹಳೆಯದು. ಇಂಡೊನೇಷ್ಯಾದವರು 1997ರಲ್ಲೇ ಅದನ್ನು ಬಿಟ್ಟು ಗುಂಡು ಮೈಯ ನಾಲ್ಕನೇ ತಲೆಮಾರಿಗೆ ಹೋಗಿಯಾಗಿತ್ತು. ಬಿಡದಿಯ ಕಾರ್ಖಾನೆಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೊಟ್ಟಮೊದಲು ಕಟ್ಟಿದ ಗಾಡಿ ಇದೇ. ಮುಖ ಬದಲಿಸಿದರು. ಅಲ್ಲಿ ಪೆಟ್ರೋಲಿನಲ್ಲಿ ಓಡುತ್ತಿದ್ದ ಬಾಡಿಗೆ ಇಲ್ಲಿ 2446 ಸಿಸಿಯ ಡೀಸೆಲ್ ಎಂಜಿನ್ ಕೂರಿಸಿದರು. ಎಂಟು ಜನಕ್ಕೆ ಒಂದು ಮಾಡೆಲ್, ಹತ್ತು ಜನಕ್ಕೆ ಇನ್ನೊಂದು. ಡಬ್ಬಿ ಆಕಾರ, ಹಳೇ ಫ್ಯಾಶನ್ ಅಂತ ಮೂಗು ಮುರಿದವರು ಇದ್ದರು. ಟ್ಯಾಕ್ಸಿ ಓಡಿಸುವವರು ಮಾತ್ರ ಆಕಾರ ನೋಡಲಿಲ್ಲ, ಒಳಗಿನ ಜಾಗ ನೋಡಿದರು. ನಮ್ಮ ಜಿಲ್ಲೆಯಲ್ಲಿ ಕೈಗಾ ಕಡೆ ಬಾಡಿಗೆಗೆ, ಗೋಕರ್ಣ–ಇಡಗುಂಜಿ–ಮುರ್ಡೇಶ್ವರ ಟ್ರಿಪ್ಪಿಗೆ, ಮದುವೆ ದಿಬ್ಬಣಕ್ಕೆ ಸುಮೋ ಬಿಟ್ಟರೆ ಇದೇ.

ಸರಿ, ಕೆಲಸಕ್ಕೆ ಬರೋಣ.

ಮೊದಲು ತಳವನ್ನು ಪ್ರೆಶರ್ ವಾಟರ್‌ನಲ್ಲಿ ತೊಳೆದೆವು. ಹಿಂದಿನ ಚಕ್ರದ ಮೇಲ್ಭಾಗದಲ್ಲಿ, ಚಾಸಿ ಹೌಸಿಂಗ್ ಮೇಲೆ ಬಾಗಿ ಹೋಗುವ ಜಾಗದಲ್ಲಿ, ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಅದರ ಅಡಿಗೆ ಕಪ್ಪು ಮರಳು, ಅದು ಕಾರವಾರದ್ದು. ಘಟ್ಟದ ಮೇಲಿನ ಮಣ್ಣು ಅದರ ಮೇಲೆ ಬಂದು ಕೂತದ್ದು. ಈ ಮಣ್ಣೇ ನಿಜವಾದ ಕಳ್ಳ. ಉಪ್ಪು ಗಾಳಿಯ ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ. ಮಣ್ಣು ಆ ತೇವವನ್ನು ಒಣಗಲು ಬಿಡುವುದಿಲ್ಲ. ಮಳೆ ನಿಂತು ತಿಂಗಳಾದರೂ ಒಳಗೆ ಕಬ್ಬಿಣ ಒದ್ದೆಯಾಗಿಯೇ ಇರುತ್ತದೆ.

ಒಣಗಿದ ಮೇಲೆ ಸುತ್ತಿಗೆ ಪರೀಕ್ಷೆ. ಮೇಸ್ತ್ರಿ ಚಾಸಿಯ ಉದ್ದಕ್ಕೂ ಒಂದೊಂದು ಗೇಣಿಗೆ ಬಡಿಯುತ್ತಾ ಹೋದರು. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಒಳಗೆ ಪದರ ಎದ್ದ ಕಡೆ ಡಬ್ ಅಂತ ಸತ್ತ ಸದ್ದು. ಎಂಜಿನ್ ಕೆಳಗೆ ಟಣ್. ಅಲ್ಲಿ ವರ್ಷಗಟ್ಟಲೆ ಸೋರಿದ ಆಯಿಲ್ಲೇ ಕಾಪಾಡಿತ್ತು. ನಡುವಿನಲ್ಲೂ ಟಣ್. ಹಿಂದಿನ ಎಡಗಡೆ, ಲೀಫ್ ಸ್ಪ್ರಿಂಗಿನ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳ ಸ್ಪ್ರಿಂಗ್) ತುದಿಯ ಕೊಂಡಿ, ಅಂದರೆ ಶಾಕಲ್, ಕೂರುವ ಬ್ರಾಕೆಟ್ ಹತ್ತಿರ ಮಾತ್ರ ಸದ್ದು ಬದಲಾಯಿತು. ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ಪದರ ಪದರವಾಗಿ ಎದ್ದು ಬಂತು. ಆದರೆ ತೂತು ಬೀಳಲಿಲ್ಲ. ಚಾಸಿಯ ತಗಡು ದಪ್ಪ, ಮೇಲಿನ ಪದರ ಹೋದರೂ ಒಳಗೆ ಮಾಲು ಉಳಿದಿತ್ತು. ಅಷ್ಟು ಜಾಗವನ್ನು ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಮೇಲಿಂದ ಹೊಸ ಪ್ಲೇಟ್ ಕೂರಿಸಿ ಸುತ್ತ ವೆಲ್ಡ್ ಮಾಡಿದೆವು. ಗುಜರಿ ಮಾತು ಅಲ್ಲಿಗೆ ಮುಗಿಯಿತು.

ತುಕ್ಕಿಗೆ ಹಚ್ಚುವ ಕನ್ವರ್ಟರ್ ಅಂತ ಬರುತ್ತದೆ. ಕೆಲವದರಲ್ಲಿ ಫಾಸ್ಫಾರಿಕ್ ಆಸಿಡ್ ಇರುತ್ತದೆ, ಕೆಲವದರಲ್ಲಿ ಟ್ಯಾನಿಕ್ ಆಸಿಡ್. ಟ್ಯಾನಿಕ್ ತಾಗಿದರೆ ತುಕ್ಕು ಕಪ್ಪಾಗಿ ಗಟ್ಟಿ ಕೂರುತ್ತದೆ. ಇದನ್ನು ಕೇಳಿದ್ದೇ ತಡ, ನಮ್ಮ ಭಾವ "ಹಾಗಾದರೆ ಅಡಿಕೆ ಚೊಗರು ಹಚ್ಚಬಹುದಲ್ಲ, ಅದರಲ್ಲೂ ಟ್ಯಾನಿನ್ನೇ ಇರೋದು" ಅಂದ. ಚೊಗರು ಅಂದರೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಮಂದ ನೀರು. ತಮಾಷೆಗೆ ಹೇಳಿದ್ದೋ ನಿಜಕ್ಕೋ ಗೊತ್ತಿಲ್ಲ. ಮನೆಯಲ್ಲಿ ಚೊಗರಿಗೇನು ಬರ. ಕತ್ತರಿಸಿ ಬಿಸಾಡಿದ ತಗಡಿನ ಚೂರಿಗೆ ಹಚ್ಚಿ ನೋಡಿದೆವು. ತುಕ್ಕು ಕಡುನೀಲಿಯಾಗಿ ಆಮೇಲೆ ಕಪ್ಪಾದದ್ದು ನಿಜ. ಆದರೆ ಅಂಟು ಒಣಗಲೇ ಇಲ್ಲ, ನೀರು ಹಾಕಿದರೆ ಅರ್ಧ ತೊಳೆದು ಹೋಯಿತು. ಅದರ ಮೇಲೆ ಪೇಂಟ್ ನಿಲ್ಲುವ ಮಾತೇ ಇಲ್ಲ. ಚೊಗರು ಅಡಿಕೆಗೆ ಇರಲಿ ಅಂತ ಅಂಗಡಿಯ ಕನ್ವರ್ಟರನ್ನೇ ತಂದೆವು.

ಮುಂದೆ ಬಾಡಿ ಮೌಂಟ್ ರಬ್ಬರ್, ಅಂದರೆ ಬಾಡಿಗೂ ಚಾಸಿಗೂ ನಡುವೆ ಇಡುವ ರಬ್ಬರ್. ಹೆಚ್ಚು ಹೊತ್ತು ತಿಂದ ಕೆಲಸ ಇದೇ. ರಬ್ಬರ್ ಹಳತಾಗಿ ಚಪ್ಪಟೆಯಾದರೆ ಬಾಡಿ ಚಾಸಿಗೆ ತಾಗುತ್ತದೆ, ಹೊಂಡಕ್ಕಿಳಿದಾಗ ಗಡಗಡ. ಬೋಲ್ಟ್ ಕೆಳಗಿಂದ ಬರುತ್ತದೆ. ಅದರ ನಟ್ಟು ಬಾಡಿಯ ಒಳಗೆ, ತಗಡಿನ ಗೂಡಿನಲ್ಲಿ ಕೂತಿರುತ್ತದೆ. ಬೋಲ್ಟ್ ತುಕ್ಕಿನಿಂದ ನಟ್ಟಿಗೆ ಕಚ್ಚಿಕೊಂಡಿದ್ದಾಗ ಸುಮ್ನೆ ಬಲ ಹಾಕಿ ತಿರುಗಿಸಿದರೆ ಒಳಗಿನ ಗೂಡೇ ಕಿತ್ತು ಬರುತ್ತದೆ. ಆಮೇಲೆ ನಟ್ಟು ಬೋಲ್ಟ್ ಎರಡೂ ಒಟ್ಟಿಗೆ ತಿರುಗುತ್ತಾ ಇರುತ್ತವೆ, ಬಿಚ್ಚುವುದಿಲ್ಲ. ಅದಕ್ಕೆ ಮೊದಲ ದಿನವೇ ಎಲ್ಲ ಬೋಲ್ಟಿಗೂ ತುಕ್ಕು ಸಡಿಲಿಸುವ ಡಬ್ಲ್ಯುಡಿ-40 ಸ್ಪ್ರೇ ಹೊಡೆದು ಬಿಟ್ಟೆವು. ಮಾರನೇ ದಿನ ಮತ್ತೆ ಹೊಡೆದೆವು. ಬಿಚ್ಚುವಾಗ ಒಂದೇ ಸಲ ಎಳೆಯದೆ, ಸ್ವಲ್ಪ ಸಡಿಲ, ಸ್ವಲ್ಪ ಬಿಗಿ, ಮತ್ತೆ ಸಡಿಲ. ಹಾಗೆ ಆಡಿಸಿದರೆ ತುಕ್ಕಿನ ಪುಡಿ ಉದುರಿ ದಾರಿ ಆಗುತ್ತದೆ. ಮುಂದಿನವೆಲ್ಲ ಬಂದವು. ಹಿಂದಿನ ಎರಡಕ್ಕೆ ಗ್ಯಾಸ್ ಬೆಂಕಿ ಬೇಕಾಯಿತು. ಒಂದರ ಗೂಡು ಮೊದಲೇ ಕೊಳೆತು ಹೋಗಿತ್ತು. ಅದರ ಮೇಲಿನ ನೆಲವನ್ನು ಹೇಗೂ ಕತ್ತರಿಸುವುದಿತ್ತು, ಮೇಲಿಂದಲೇ ಕೈ ಹಾಕಿ ನಟ್ಟನ್ನು ಸ್ಪ್ಯಾನರಿನಲ್ಲಿ ಹಿಡಿದೆವು.

ಬಾಡಿ ಎತ್ತುವುದಕ್ಕೆ ಕ್ರೇನ್ ಬೇಕಿಲ್ಲ. ಒಂದು ಪಕ್ಕದ ಬೋಲ್ಟ್ ಪೂರ್ತಿ ತೆಗೆದು, ಇನ್ನೊಂದು ಪಕ್ಕದವನ್ನು ಸಡಿಲ ಮಾಡಿ, ಜಾಕ್ ಮೇಲೆ ಉದ್ದನೆಯ ಹಲಗೆ ಇಟ್ಟು ನಿಧಾನ ಎತ್ತಿದರೆ ರಬ್ಬರ್ ಬದಲಿಸುವಷ್ಟು ಸಂದು ಸಿಗುತ್ತದೆ. ಆದರೆ ಎತ್ತುವ ಮುಂಚೆ ಮುಂದೆ ಬಂದು ನೋಡಬೇಕು. ರೇಡಿಯೇಟರ್ ಬಾಡಿ ಜೊತೆ ಮೇಲೇಳುತ್ತದೆ, ಫ್ಯಾನ್ ಎಂಜಿನ್ ಜೊತೆ ಕೆಳಗೇ ಉಳಿಯುತ್ತದೆ. ನಡುವಿನ ಪ್ಲಾಸ್ಟಿಕ್ ಕವರ್ ಬಿಚ್ಚದಿದ್ದರೆ ಫ್ಯಾನಿಗೆ ಸಿಕ್ಕಿ ಒಡೆಯುತ್ತದೆ. ಸ್ಟೀರಿಂಗ್ ರಾಡ್, ಗೇರ್ ಲಿವರಿನ ಬೂಟ್, ಬ್ರೇಕ್ ಪೈಪು, ಡೀಸೆಲ್ ತುಂಬುವ ಪೈಪು ಇವಕ್ಕೆಲ್ಲ ಎಳೆತ ಬೀಳದಂತೆ ಒಬ್ಬರು ಕಣ್ಣಿಟ್ಟು ಕೂರಬೇಕು. ಆ ಕೆಲಸ ದೊಡ್ಡಪ್ಪನದ್ದು. "ಸಾಕೋ ತಮಾ, ಸಾಕು" ಅನ್ನುತ್ತಲೇ ಇದ್ದರು. ಜಾಕ್ ಇನ್ನೂ ಬಾಡಿಗೆ ತಾಗಿಯೇ ಇರಲಿಲ್ಲ.

ನೆಲದ ಕೆಲಸ ಟಿಂಕರಿಂಗ್‌ನವರದ್ದು. ಕಾರ್ಪೆಟ್ ಪೂರ್ತಿ ತೆಗೆದು, ಬ್ಯಾಟರಿ ಬಿಚ್ಚಿ, ಆಮೇಲೆ ವೆಲ್ಡಿಂಗ್. ತುಕ್ಕು ಕಂಡಷ್ಟೇ ಕತ್ತರಿಸಿದರೆ ಸಾಲದು. ಸುತ್ತ ನಾಲ್ಕು ಬೆರಳು ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಬೇಕು. ತೆಳುವಾದ ಅಂಚಿಗೆ ವೆಲ್ಡ್ ಹಿಡಿಯುವುದಿಲ್ಲ, ಸುಟ್ಟು ತೂತಾಗುತ್ತದೆ. 18 ಗೇಜಿನ ಎಂಎಸ್ (ಮೆದು ಉಕ್ಕಿನ) ಶೀಟ್ ಮಡಚಿ, ಹಳೇ ನೆಲದ ಏಣುಗಳಿಗೆ ಹೊಂದುವ ಹಾಗೆ ಬಡಿದು ಕೂರಿಸಿದರು. ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ) ವೆಲ್ಡಿಂಗ್, ಅದೂ ಚುಕ್ಕಿ ಚುಕ್ಕಿ. ಇಲ್ಲಿ ಒಂದು, ಅಲ್ಲಿ ಒಂದು. ಉದ್ದಕ್ಕೆ ಎಳೆದರೆ ಶಾಖಕ್ಕೆ ತಗಡು ಹಪ್ಪಳದ ಹಾಗೆ ಏಳುತ್ತದೆ.

ಹಿಂದಿನ ಬಲಗಡೆ ಚಕ್ರದ ಕಮಾನು ಹೊರಗಿಂದ ಚೆನ್ನಾಗೇ ಇತ್ತು. ಒಂಚೂರು ಬಣ್ಣ ಉಬ್ಬಿತ್ತು, ಅಷ್ಟೇ. ಗ್ರೈಂಡರ್ ಇಟ್ಟರೆ ಕಿಡಿ ಹಾರಲಿಲ್ಲ, ಬಿಳಿ ಪುಡಿ ಹಾರಿತು. ಇಡೀ ಕಮಾನು ಪಟ್ಟಿಯದ್ದು! ಪಟ್ಟಿ ಅಂದರೆ ಇಲ್ಲಿ ತಗ್ಗು ಮುಚ್ಚಲು ಮೆತ್ತುವ ಪುಟ್ಟಿ. ಯಾವುದೋ ಕಾಲದಲ್ಲಿ ಯಾರೋ ತೂತಿಗೆ ಜಾಲರಿ ಇಟ್ಟು ಮೇಲೆ ಬೆರಳು ದಪ್ಪ ಪಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಕೈಗೆ ತೆಗೆದುಕೊಂಡರೆ ಹಂಚಿನ ಚೂರಿನಷ್ಟು ಭಾರ. ಹಳೇ ಗಾಡಿ ಕೊಳ್ಳುವವರು ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅದು ಅಂಟದ ಕಡೆ ಪಟ್ಟಿ ಇದೆ ಅಂತ ಲೆಕ್ಕ.

ಪಟ್ಟಿಗೂ ಈ ಗಾಡಿಯ ವಂಶಕ್ಕೂ ಹಳೇ ನಂಟು. ಇಂಡೊನೇಷ್ಯಾದಲ್ಲಿ ಊರಿನ ಬಾಡಿ ಕಟ್ಟುವವರು ತಗಡನ್ನು ಕೈಯಲ್ಲಿ ಬಾಗಿಸಿ, ಸಂದು ಕಾಣದಿರಲು ಪಟ್ಟಿ ಮೆತ್ತುತ್ತಿದ್ದರು. 1986ರ ತಲೆಮಾರಿಗೆ ಕಂಪನಿ ಪ್ರೆಸ್ಸಿನಲ್ಲಿ ಒತ್ತಿದ ತಗಡು ತಂದಿತು. 'ಫುಲ್ ಪ್ರೆಸ್ಡ್ ಬಾಡಿ' ಅಂತ ಅದನ್ನೇ ದೊಡ್ಡದಾಗಿ ಹೇಳಿಕೊಂಡು ಮಾರಿತು. ಪಟ್ಟಿ ಕಡಿಮೆ ಅನ್ನುವುದೇ ಮಾರಾಟದ ಮಾತು. ಆ ಬಾಡಿ ಬಿಡದಿಗೆ ಬಂದು, ಕಾರವಾರದ ಗಾಳಿ ತಿಂದು, ಕೊನೆಗೆ ಮತ್ತೆ ಪಟ್ಟಿಗೇ ಬಂದು ನಿಂತಿತು. ನಾವು ಕಮಾನಿಗೆ ಹೊಸ ತಗಡನ್ನೇ ಹಾಕಿಸಿದೆವು. ಮೇಲೆ ಪಟ್ಟಿ ಹಚ್ಚಿದ್ದೇನೋ ಹೌದು, ಆದರೆ ಕಾಗದದಷ್ಟು ತೆಳು.

ತಳಕ್ಕೆ ಏನು ಹಚ್ಚಬೇಕು ಅನ್ನುವುದಕ್ಕೆ ನಮ್ಮ ಕಡೆ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಡಾಂಬರು ಬಳಿಯುವವರಿದ್ದಾರೆ. ಅದು ನನಗೆ ಸುತಾರಾಂ ಒಪ್ಪಿಗೆಯಿಲ್ಲ. ಎರಡು ಬೇಸಿಗೆಗೆ ಒಡೆಯುತ್ತದೆ. ಒಡಕಲ್ಲಿ ನೀರು ಇಳಿದು ಒಳಗೊಳಗೇ ತುಕ್ಕು ಬೆಳೆಯುತ್ತದೆ, ಮೇಲಿಂದ ಗೊತ್ತೇ ಆಗುವುದಿಲ್ಲ. ನಾವು ಕಾರವಾರದ ಬೈತಖೋಲ ಬಂದರಿನ ಹತ್ತಿರ ದೋಣಿಗೆ ಬೇಕಾದ ಪೇಂಟ್ ಮಾರುವ ಅಂಗಡಿಯಿಂದ ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ತಂದೆವು. ಸಮುದ್ರದಲ್ಲೇ ಇರುವ ಕಬ್ಬಿಣಕ್ಕೆ ಹೊಂದುವುದು ರಸ್ತೆಯ ಕಬ್ಬಿಣಕ್ಕೆ ಯಾಕೆ ಹೊಂದಬಾರದು? ಬೆರೆಸಿದ ಮೇಲೆ ಗಟ್ಟಿಯಾಗಲು ಶುರುವಾಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಸಂದುಗಳಿಗೆ ಸೀಲರ್, ಅದರ ಮೇಲೆ ರಬ್ಬರಿನಂಥ ಅಂಡರ್‌ಕೋಟ್. ಬಾಗಿಲು ಮತ್ತು ಕೆಳಪಟ್ಟಿಯ ನೀರು ಇಳಿಯುವ ತೂತುಗಳನ್ನು ಮಾತ್ರ ಕಡ್ಡಿ ಹಾಕಿ ಬಿಡಿಸಿಟ್ಟೆವು. ಅಂಡರ್‌ಕೋಟ್ ಹೊಡೆಯುವವರು ಇದನ್ನು ಮರೆತು ಮುಚ್ಚಿಬಿಡುವುದು ಜಾಸ್ತಿ.

ಹಿಂದಿನ ಲೀಫ್ ಸ್ಪ್ರಿಂಗ್ ಬಿಚ್ಚಿದಾಗ ಪಿಕಪ್ಪಿನ ರಕ್ತ ಎದ್ದು ಕಂಡಿತು. ಗಾಡಿ ಖಾಲಿ ಇದ್ದರೆ ಹಿಂದೆ ಕೂತವರು ಎಗರಿ ಎಗರಿ ಬೀಳುತ್ತಾರೆ. ಎಂಟು ಜನ, ಮೇಲೆ ಎರಡು ಚೀಲ ಅಡಿಕೆ ಹೇರಿದರೆ ಸಮಾಧಾನವಾಗಿ ಕೂತು ಓಡುತ್ತದೆ. ಭಾರ ಹೊರಲು ಮಾಡಿದ ಸ್ಪ್ರಿಂಗ್, ಖಾಲಿ ಓಡುವುದು ಅದಕ್ಕೆ ಗೊತ್ತಿಲ್ಲ. ಇದರ ಬದಲು 2005ರಲ್ಲಿ ಬಂದ ಇನ್ನೋವಾಕ್ಕೆ ಹಿಂದೆ ಕಾಯಿಲ್ ಸ್ಪ್ರಿಂಗ್ ಕೊಟ್ಟರು. ಅದಕ್ಕೂ ಏಣಿ ಚಾಸಿಯೇ, ಆದರೆ ಕೂತರೆ ವ್ಯತ್ಯಾಸ ತಿಳಿಯುತ್ತದೆ. ನಮ್ಮದರಲ್ಲಿ ಒಂದು ಪ್ಲೇಟ್ ಸೀಳಿತ್ತು, ಬುಷ್‌ಗಳು (ಸ್ಪ್ರಿಂಗಿನ ಕೀಲಿನ ರಬ್ಬರುಗಳು) ಪುಡಿಯಾಗಿದ್ದವು. ಬುಷ್, ಸೆಂಟರ್ ಬೋಲ್ಟ್, ಯು-ಬೋಲ್ಟ್ ಹುಬ್ಬಳ್ಳಿಯಿಂದ ಬಂದವು. ಪ್ಲೇಟುಗಳ ನಡುವೆ ಉಜ್ಜಿ ಗ್ರೀಸ್ ಸವರಿ ಮತ್ತೆ ಕಟ್ಟಿದೆವು. ಯು-ಬೋಲ್ಟ್ ಮತ್ತು ಬುಷ್ ಬೋಲ್ಟುಗಳನ್ನು ಕೊನೆಯ ಸಲ ಬಿಗಿಯುವುದು ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೆ. ಜಾಕ್ ಮೇಲಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಎಂಜಿನ್ ಬಗ್ಗೆ ಹೇಳುವುದು ಕಡಿಮೆ, ಅದು ತೊಂದರೆ ಕೊಟ್ಟಿಲ್ಲ. ಟೊಯೊಟಾದ 2ಎಲ್ ಡೀಸೆಲ್. ಬೋರ್ (ಸಿಲಿಂಡರಿನ ಅಗಲ) 92, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 92 ಮಿಲಿಮೀಟರ್. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ, 75 ಕುದುರೆಶಕ್ತಿ. ಹೈಲಕ್ಸ್, ಹೈಯೇಸ್‌ಗಳಲ್ಲಿ ದುಡಿದ ಎಂಜಿನ್. ಘಟ್ಟದಲ್ಲಿ ಓಡುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ. ಇದರಲ್ಲಿ ಹೆದರಬೇಕಾದದ್ದು ಒಂದೇ, ಟೈಮಿಂಗ್ ಬೆಲ್ಟ್. ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಮತ್ತು ಡೀಸೆಲ್ ಪಂಪ್ ಎರಡನ್ನೂ ಅದೇ ತಿರುಗಿಸುತ್ತದೆ. ಓಡುವಾಗ ತುಂಡಾದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ನಮ್ಮದು ಯಾವಾಗ ಬದಲಿಸಿದ್ದು ಅಂತ ದೊಡ್ಡಪ್ಪನಿಗೆ ನೆನಪಿರಲಿಲ್ಲ. ನೆನಪಿಲ್ಲ ಅಂದರೆ ಬದಲಿಸಿ ಅಂತಲೇ ಅರ್ಥ. ಕ್ರ್ಯಾಂಕ್, ಕ್ಯಾಮ್, ಪಂಪ್ ಮೂರರ ಗುರುತೂ ಸೇರಿಸಿ ನಿಲ್ಲಿಸಿ ಹೊಸ ಬೆಲ್ಟ್ ಹಾಕಿದೆವು. ಟೆನ್ಷನರ್ ಬೇರಿಂಗ್, ಮುಂದಿನ ಆಯಿಲ್ ಸೀಲ್ ಕೂಡ ಹೊಸದು, ಯಾಕಂದರೆ ಸೀಲ್ ಸೋರಿ ಆಯಿಲ್ ಬಿದ್ದರೆ ಹೊಸ ಬೆಲ್ಟೂ ಬಾಳುವುದಿಲ್ಲ. ಸೆಲ್ಫ್ ಹೊಡೆಯುವ ಮುಂಚೆ ಸ್ಪ್ಯಾನರಿನಲ್ಲಿ ಕ್ರ್ಯಾಂಕನ್ನು ಕೈಯಾರೆ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತದಾ ಅಂತ ನೋಡಲೇಬೇಕು. ಕೂಡಿತು.

ಮುಂದೆ ಟಾರ್ಶನ್ ಬಾರ್. ಇಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ. ಚಾಸಿಯ ಉದ್ದಕ್ಕೆ ಮಲಗಿದ ಉಕ್ಕಿನ ಸಲಾಕೆ ತಿರುಚಿಕೊಂಡು ಭಾರ ಹೊರುತ್ತದೆ. ವಯಸ್ಸಾದಂತೆ ಗಾಡಿಯ ಮೂತಿ ಕೆಳಗಿಳಿದಿತ್ತು. ಸಲಾಕೆಯ ಹಿಂದಿನ ತುದಿಯ ಬೋಲ್ಟ್ ಬಿಗಿದರೆ ಮೂತಿ ಏಳುತ್ತದೆ. ಮೊದಲು ಹಳೇ ಜಾಗಕ್ಕೆ ಬಣ್ಣದ ಗುರುತು ಹಾಕಿ, ಚಕ್ರದ ನಡುವಿನಿಂದ ಕಮಾನಿನವರೆಗೆ ಎರಡೂ ಕಡೆ ಟೇಪ್ ಹಿಡಿದು ಅಳೆದು, ಸಮ ಬರುವಷ್ಟೇ ಏರಿಸಿದೆವು. ಜೀಪಿನಷ್ಟು ಎತ್ತರ ಮಾಡಿಸುವ ಹುಡುಗರಿದ್ದಾರೆ. ಆಮೇಲೆ ಟಯರ್ ಒಂದೇ ಬದಿ ತಿನ್ನುತ್ತದೆ, ಹೊಂಡಕ್ಕೆ ಕಟಕಟ ಅನ್ನುತ್ತದೆ. ಏರಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಕಡ್ಡಾಯ.

ಟ್ರಯಲ್‌ಗೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ಬಂದೆವು. ಗಡಗಡ ಸದ್ದು ಹೋಗಿದೆ. ಬ್ರೇಕ್ ಹಿಡಿದಾಗ ಬಾಡಿ ಒಂದು ಕಡೆ, ಚಾಸಿ ಒಂದು ಕಡೆ ಹೋದ ಹಾಗೆ ಆಗುತ್ತಿತ್ತಲ್ಲ, ಅದಿಲ್ಲ. ಬಂದ ಮೇಲೆ ಬಾಡಿ ಬೋಲ್ಟುಗಳನ್ನು ಮತ್ತೆ ನೋಡಿದರೆ ಕೆಲವು ಕಾಲು ಸುತ್ತು ಹಿಡಿದವು. ಹೊಸ ರಬ್ಬರ್ ಕೂರುವಾಗ ಅಷ್ಟು ಸಡಿಲ ಸಹಜ. ಕುಮಟಾದಲ್ಲಿ ಟೀ ಕುಡಿಯುವಾಗ ಒಬ್ಬರು ಬಂದು ಕೊಡುತ್ತೀರಾ ಅಂತ ರೇಟು ಕೇಳಿದರು. ದೊಡ್ಡಪ್ಪ ಉತ್ತರ ಕೊಡದೆ ಗಾಡಿ ಹತ್ತಿ ಕೂತರು.

ಆರ್‌ಸಿ 2028ರವರೆಗೆ ಇದೆ. 2023ರಲ್ಲಿ ರಿನ್ಯೂವಲ್‌ಗೆ 5000 ರೂಪಾಯಿ ಫೀ ಕಟ್ಟಿದ್ದೆವು. 20 ವರ್ಷ ದಾಟಿದ ಕಾರುಗಳಿಗೆ ಈಗ ಅದು 10,000 ಆಗಿದೆ. ಜೊತೆಗೆ ಗ್ರೀನ್ ಟ್ಯಾಕ್ಸ್. ಆಗಿನ ಮಾತು ಆಗ. ಸದ್ಯಕ್ಕೆ ಬಾಕಿ ಇರುವುದು ಹಿಂದಿನ ಎಸಿ. ತಳದಲ್ಲಿ ಹಾದು ಹೋಗುವ ಅಲ್ಯೂಮಿನಿಯಂ ಪೈಪು ಉಪ್ಪಿಗೆ ಬಿಳಿ ಬೂಸ್ಟು ಹಿಡಿದು ತೂತಾಗಿದೆ. ಹೊಸ ಪೈಪು ಸಿಗುತ್ತಿಲ್ಲ. ಹೋಸ್ ಪೈಪಿನಲ್ಲಿ ಮಾಡಿಕೊಡುವವರು ಹುಬ್ಬಳ್ಳಿಯಲ್ಲಿದ್ದಾರಂತೆ. ಬೇಸಿಗೆಯೊಳಗೆ ಆದರೆ ಆಯಿತು, ಇಲ್ಲದಿದ್ದರೆ ಹಿಂದೆ ಕೂತವರು ಕಿಟಕಿ ಇಳಿಸಿಕೊಳ್ಳಲಿ.